ಅಪ್‌ಡೇಟ್: ಅಪ್ಪನ ಮನೆಗೆ ಹೊರಡುವಾಗ ಮಗಳು ಈಗ ಅಳುವುದಿಲ್ಲ

ವಿಜಯಪುರದಿಂದ ಬಾಗಲಕೋಟೆಯ ಅಪ್ಪನ ಮನೆಗೆ ಹೊರಟಾಗಲೆಲ್ಲ ಮಗಳು ಅಳುತ್ತಾಳೆ, ನಾನು ಮರುಮದುವೆಯಾದರೆ ಅವಳು ನನ್ನಿಂದ ದೂರ ಆಗ್ತಾಳಾ ಎಂದು ಕೇಳಿದ್ದೆ ಅಲ್ವಾ?

ಆಟಿಕೆ ಕೊಟ್ಟು ಕಳಿಸುವ ಸಲಹೆ ನಡೆಯಲಿಲ್ಲ. ಕ್ಯಾಲೆಂಡರ್ ಸಲಹೆ ಕೈಹಿಡಿಯಿತು. ಅಪ್ಪನ ದಿನಗಳಿಗೆ ಹಸಿರು, ನನ್ನವಕ್ಕೆ ಕೆಂಪು, ಅವಳೇ ಬಣ್ಣ ಹಚ್ಚುತ್ತಾಳೆ. ಹಚ್ಚುತ್ತಲೇ ಕೇಳಿದಳು: "ಅವ್ವಾ, ನೀ ಒಬ್ಬಾಕೆನ ಹೆಂಗ ಇರ್ತಿ?" ಅಳು ನನಗಾಗಿ ಅಂತ ಆಗಲೇ ಗೊತ್ತಾಗಿದ್ದು. ಈಗ ರೈಲು ಆಲಮಟ್ಟಿ ಹತ್ತಿರ ಕೃಷ್ಣಾ ನದಿ ದಾಟುವಾಗ ಫೋನ್ ಮಾಡಿ, ನೀರು ಎಷ್ಟಿದೆ ಅಂತ ಹೇಳುತ್ತಾಳೆ. ಎಷ್ಟು ಖುಷಿ ಗೊತ್ತಾ!

ಮರುಮದುವೆ ಒಂದೇ ಕಾರಣಕ್ಕೆ ಮಗು ತಾಯಿಯ ಕೈತಪ್ಪುವುದಿಲ್ಲ, 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಲ್ಲೂ ಮಗುವಿನ ಹಿತವೇ ಮುಖ್ಯ ಎಂದು ವಕೀಲರು ಬಿಡಿಸಿ ಹೇಳಿದರು. ಅವಳಪ್ಪನಿಗೆ ವಿಷಯ ನಾನೇ ತಿಳಿಸಿದೆ. ಮದುವೆ ವಾರ ನಿನ್ನ ಹತ್ತಿರವೇ ಇರಲಿ ಅಂದರು.