ಕಾಲು ಮಡಚಿದರೆ ಜೀವ ಬಂದಂತೆಯೇ? ಬ್ಯಾಕ್ಲೋಫೆನ್ ನಿಲ್ಲಿಸಬಹುದೇ?

ಪ್ರಶ್ನೆ: ಡಾಕ್ಟರರೇ, ನಮ್ಮ ಭಾವ ಕೊನೆ ಕೊಯ್ಯುವಾಗ ಅಡಿಕೆ ಮರದಿಂದ ಬಿದ್ದು ಏಳು ತಿಂಗಳಾಯಿತು. ಎದೆಯ ಮಟ್ಟದಲ್ಲಿ ಬೆನ್ನುಮೂಳೆ ಮುರಿದು ಆಪರೇಷನ್ ಆಗಿದೆ. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಈಚೆಗೆ ಬೆಳಿಗ್ಗೆ ಹೊದಿಕೆ ಎಳೆದರೆ ಎರಡೂ ಕಾಲು ತಾವಾಗಿಯೇ ಮಡಚಿಕೊಳ್ಳುತ್ತವೆ. ಜೀವ ಬರುತ್ತಿದೆ ಎಂದು ಅಕ್ಕ ತುಪ್ಪದ ದೀಪ ಹಚ್ಚಿದಳು. ಅದನ್ನು ಅಡಗಿಸುವ ಬ್ಯಾಕ್ಲೋಫೆನ್ ಮಾತ್ರೆಯನ್ನು ನಿಲ್ಲಿಸಬಹುದೇ? ಬಿದ್ದ ದಿನ ಸ್ಟೀರಾಯ್ಡ್ ಕೊಟ್ಟಿದ್ದರೆ ನಡೆಯುತ್ತಿದ್ದರೇ?

ಉತ್ತರ (ಪುನಶ್ಚೇತನ ವೈದ್ಯ): ಮಾತ್ರೆಯನ್ನು ನೀವಾಗಿ ನಿಲ್ಲಿಸಲೇಬೇಡಿ. ಬ್ಯಾಕ್ಲೋಫೆನ್ ಥಟ್ಟನೆ ಬಿಟ್ಟರೆ ಕಾಲು ಮಡಚುವ ಈ ಸೆಳೆತ ದುಪ್ಪಟ್ಟಾಗಿ ಮರಳಬಹುದು, ಜ್ವರ, ಭ್ರಮೆ, ಫಿಟ್ಸ್ ಕೂಡ ಬರಬಹುದು. ಕಡಿಮೆ ಮಾಡುವುದಿದ್ದರೂ ವೈದ್ಯರ ಲೆಕ್ಕದಲ್ಲಿ, ಹಂತಹಂತವಾಗಿ.

ಅಕ್ಕನಿಗೆ ಹೇಳುವುದು ಕಷ್ಟ, ಆದರೂ ಹೇಳಬೇಕು. ಗಾಯದ ಕೆಳಗಿನ ಬೆನ್ನುಹುರಿ ಸತ್ತಿಲ್ಲ, ಮಿದುಳಿನ ಹಿಡಿತ ತಪ್ಪಿದೆ. ಹೊದಿಕೆ ಸವರಿದ್ದಕ್ಕೆ ಅದು ತನ್ನಷ್ಟಕ್ಕೆ ಕಾಲನ್ನು ಎಳೆದುಕೊಳ್ಳುತ್ತದೆ. ಹೆಬ್ಬೆರಳು ಅಲ್ಲಾಡಿಸಲು ಭಾವನಿಗೆ ಹೇಳಿ, ಪಾದ ಮುಟ್ಟದೆ ನೋಡಿ. ಹೇಳಿದಾಗೆಲ್ಲ ಅಲ್ಲಾಡಿದರೆ ಅದು ಬೇರೆಯೇ ಸುದ್ದಿ, ಕೂಡಲೇ ವೈದ್ಯರಿಗೆ ತಿಳಿಸಿ. ಸೆಳೆತ ಇದ್ದಕ್ಕಿದ್ದಂತೆ ಹೆಚ್ಚಿದ್ದರೆ ಬಹಳ ಸಲ ಗಾಯದ ಕೆಳಗೆಲ್ಲೋ ಕಿರಿಕಿರಿಯಿರುತ್ತದೆ: ತುಂಬಿದ ಮೂತ್ರಕೋಶ, ಮೂತ್ರದ ಸೋಂಕು, ಮಲಬದ್ಧತೆ, ಹಾಸಿಗೆ ಹುಣ್ಣು. ಉಗುರನ್ನೂ ಬಿಡದೆ ನೋಡಿ.

ಸ್ಟೀರಾಯ್ಡ್ ಕೊರಗು ಬಿಡಿ. ಎಂಟು ಗಂಟೆಯೊಳಗೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಟ್ಟರೆ ಸ್ವಲ್ಪ ಲಾಭ ಎಂದು 1990ರಲ್ಲಿ ಅಮೆರಿಕದ ಒಂದು ಅಧ್ಯಯನ ಹೇಳಿತು. ಎಲ್ಲೆಡೆ ಕೊಟ್ಟರು. ಸೋಂಕು, ಹೊಟ್ಟೆಯ ರಕ್ತಸ್ರಾವದ ಲೆಕ್ಕ ಬಂದ ಮೇಲೆ 2013ರಲ್ಲಿ ಅಲ್ಲಿನ ನರಶಸ್ತ್ರಚಿಕಿತ್ಸಕರ ಮಾರ್ಗಸೂಚಿಯೇ ಬೇಡ ಎಂದಿತು. ಈಗಲೂ ಕೆಲವರು ಕೊಡುತ್ತಾರೆ. ಕೊಡದ ವೈದ್ಯರು ತಪ್ಪು ಮಾಡಿಲ್ಲ.

ಮತ್ತೊಬ್ಬರ ಪ್ರಶ್ನೆ: ಬೆನ್ನುಹುರಿ ಗಾಯವಾದವರಿಗೆ ಫ್ಯಾಂಪ್ರಿಡಿನ್ ಮಾತ್ರೆ ನಡಿಗೆ ತರುತ್ತದೆಯಂತೆ? ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್‌ಗೆ ತೋಟ ಅಡವಿಡಲೂ ತಯಾರಿದ್ದೇವೆ.

ಉತ್ತರ: ತನ್ನ ಮೇಲಿನ ಕವಚ ಕಳಚಿದ ನರತಂತುವಿನಿಂದ ಪೊಟ್ಯಾಸಿಯಂ ಸೋರುವುದನ್ನು ಫ್ಯಾಂಪ್ರಿಡಿನ್ ತಡೆಯುತ್ತದೆ, ಸಂಕೇತ ದಾಟುತ್ತದೆ. ತಂತುವೇ ಇಲ್ಲದ ಕಡೆ ದಾಟಿಸುವುದೇನನ್ನು? ಅಮೆರಿಕದಲ್ಲಿ 2010ರಲ್ಲಿ ಒಪ್ಪಿಗೆ ಸಿಕ್ಕಿದ್ದು ಮಲ್ಟಿಪಲ್ ಸ್ಕ್ಲೆರೋಸಿಸ್ (ನರತಂತುವಿನ ಕವಚ ಹಾಳಾಗುವ ಕಾಯಿಲೆ) ರೋಗಿಗಳ ನಡಿಗೆಗೆ. ಬೆನ್ನುಹುರಿ ಗಾಯದ ದೊಡ್ಡ ಪರೀಕ್ಷೆಗಳಲ್ಲಿ ಅದು ಗೆಲ್ಲಲಿಲ್ಲ, ಪ್ರಮಾಣ ಮೀರಿದರೆ ಫಿಟ್ಸ್ ಬರುತ್ತದೆ. ಬೆನ್ನುಹುರಿ ಗಾಯಕ್ಕೆ ಪ್ರಯತ್ನಿಸಿದ ಇನ್ನೊಂದು ಔಷಧ ರಿಲುಜೋಲ್ ಕೂಡ ತನ್ನ ಮುಖ್ಯ ಪರೀಕ್ಷೆಯಲ್ಲಿ ಗುರಿ ಮುಟ್ಟಲಿಲ್ಲ.

ತೋಟ ಅಡವಿಡಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಬೆನ್ನುಹುರಿಗೆ ಸ್ಟೆಮ್ ಸೆಲ್ ಕೊಡುವುದು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ. ಪ್ರಯೋಗಕ್ಕೆ ರೋಗಿಯಿಂದ ಹಣ ಕೇಳುವಂತಿಲ್ಲ. ಹಣ ಕೇಳಿದರೆ ಎದ್ದು ಬನ್ನಿ. ಆ ದುಡ್ಡು ಒಳ್ಳೆಯ ಗಾಲಿಕುರ್ಚಿಗೆ, ಹುಣ್ಣಾಗದ ಹಾಸಿಗೆಗೆ, ಫಿಸಿಯೋಥೆರಪಿಗೆ ಇರಲಿ.

ಮೊದಲ ಪ್ರಶ್ನೆ ಕೇಳಿದವರು: ನಿನ್ನೆ ನೋಡಿದೆವು ಡಾಕ್ಟರರೇ. ಹೆಬ್ಬೆರಳು ಅಲ್ಲಾಡಲಿಲ್ಲ. ಆದರೆ ಎಡಗಾಲಿನ ಉಗುರು ಮಾಂಸದೊಳಗೆ ಇಳಿದು ಕೀವಾಗಿತ್ತು. ಭಾವನಿಗೆ ನೋವೇ ತಿಳಿದಿರಲಿಲ್ಲ.

ಉತ್ತರ: ಇವತ್ತೇ ತೋರಿಸಿ. ಅದು ವಾಸಿಯಾದ ಮೇಲೆ ಸೆಳೆತ ಎಷ್ಟಿದೆ ನೋಡಿ ಬರೆಯಿರಿ, ಮಾತ್ರೆಯ ಮಾತು ಆಮೇಲೆ.