ಎಸ್‌ಯುವಿಯ ಹಿಂದೆ ಕ್ಯಾರವಾನ್ ಓಲಾಡದಂತೆ ಏನು ಮಾಡಬಹುದು?

ಪ್ರಶ್ನೆ (ಕೋಥ್ರೂಡ್, ಪುಣೆ):
ಗೋವಾಕ್ಕೆ ಹೋಗುವಾಗ ನಮ್ಮ ಎಸ್‌ಯುವಿಗೆ ಜೋಡಿಸಿದ ಕ್ಯಾರವಾನ್ (ಹಿಂದೆ ಎಳೆದೊಯ್ಯುವ ಚಕ್ರದ ಮನೆ), ವೇಗ 70 ಕಿ.ಮೀ. ದಾಟಿದೊಡನೆ, ಅದರಲ್ಲೂ ದೊಡ್ಡ ಬಸ್ಸು ಪಕ್ಕದಲ್ಲಿ ಹಾದುಹೋದಾಗ, ಎಡಬಲಕ್ಕೆ ಓಲಾಡತೊಡಗುತ್ತದೆ. ನೀರಿನ ಟ್ಯಾಂಕೂ ಅಡುಗೆ ಸಾಮಾನೂ ಹಿಂಭಾಗದಲ್ಲಿವೆ. ಓಲಾಟ ತಗ್ಗಿಸುವ ಸಲಾಕೆಯಾದ ಸ್ವೇ ಕಂಟ್ರೋಲ್ ಬಾರ್ ಹಾಕಿಸಿದರೆ ಸಾಕೇ?

ಉತ್ತರ (ಡೊಂಬಿವಲಿ):
ಬಾರ್ ಕೊಳ್ಳುವ ಮೊದಲು ಭಾರದ ಹಂಚಿಕೆಯನ್ನು ಸರಿಪಡಿಸಿ ಸರ್; ಸಾಮಾನು ಹಿಂಭಾಗದಲ್ಲಿದೆ ಎಂಬ ನಿಮ್ಮ ಮಾತಿನಲ್ಲೇ ಕಾರಣವಿರುವಂತಿದೆ. ಹಿಂಭಾಗ ಭಾರವಾದಷ್ಟೂ, ಕ್ಯಾರವಾನನ್ನು ಗಾಡಿಗೆ ಜೋಡಿಸುವ ಕೊಂಡಿಯಾದ ಹಿಚ್‌ನ ಮೇಲಿನ ಒತ್ತಡ ಕಡಿಮೆಯಾಗಿ, ಗಾಳಿಯ ಒಂದು ತಳ್ಳು ಟ್ರೇಲರನ್ನು, ಅಂದರೆ ಕ್ಯಾರವಾನನ್ನು, ಲೋಲಕದಂತೆ ತೂಗಿಸಿಬಿಡುತ್ತದೆ. ಒಟ್ಟು ತೂಕದ ಶೇ. 10ರಿಂದ 15ರಷ್ಟು, ಅಂದರೆ 1,000 ಕಿಲೋ ಟ್ರೇಲರಿಗೆ 100ರಿಂದ 150 ಕಿಲೋ, ಹಿಚ್‌ನ ಮೇಲಿರಬೇಕೆಂಬುದು ಸಾಮಾನ್ಯ ಲೆಕ್ಕ. ಆದರೆ ಅದು ನಿಮ್ಮ ಗಾಡಿಯ ಕೈಪಿಡಿ ಹೇಳುವ ಮಿತಿಯನ್ನು ಮೀರಕೂಡದು. ಭಾರದ ಸಾಮಾನನ್ನು ಟ್ರೇಲರಿನ ಚಕ್ರಗಳ ಆಕ್ಸಲ್‌ಗಿಂತ ತುಸು ಮುಂದೆ, ನೆಲಕ್ಕೆ ಹತ್ತಿರವಾಗಿ ಇಡಿ.

ಪ್ರಶ್ನೆ ಕೇಳಿದವರು:
ಹಿಚ್‌ನ ಮೇಲಿನ ಭಾರವನ್ನು ಅಳೆಯುವುದು ಹೇಗೆ?

ಉತ್ತರ (ಡೊಂಬಿವಲಿ):
ಲಾರಿಗಳನ್ನು ತೂಗುವ ವೇಬ್ರಿಡ್ಜ್‌ನಲ್ಲಿ ಮೊದಲು ಟ್ರೇಲರನ್ನು ಬಿಡಿಸಿ ಪೂರ್ತಿ ತೂಗಿಸಿ, ಬಳಿಕ ಗಾಡಿಗೆ ಜೋಡಿಸಿ ಟ್ರೇಲರಿನ ಚಕ್ರಗಳನ್ನಷ್ಟೇ ತೂಗಿಸಿ. ವ್ಯತ್ಯಾಸವೇ ಆ ಭಾರ.

ಉತ್ತರ (ಮಡಗಾಂವ್):
ಟೈರುಗಳ ಗಾಳಿಯನ್ನೂ ಪರೀಕ್ಷಿಸಿ. ಓಲಾಟ ಶುರುವಾದರೆ ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆದು, ಸ್ಟೀರಿಂಗನ್ನು ನೇರವಾಗಿ ಹಿಡಿಯಿರಿ. ಗಾಡಿಯ ಬ್ರೇಕನ್ನು ಜೋರಾಗಿ ಒತ್ತಬೇಡಿ, ವೇಗ ಹೆಚ್ಚಿಸಿ ಎಳೆದು ನೇರಮಾಡುವ ಸಾಹಸವಂತೂ ಬೇಡವೇ ಬೇಡ. ಟ್ರೇಲರಿಗೆ ಪ್ರತ್ಯೇಕ ಬ್ರೇಕ್ ನಿಯಂತ್ರಣವಿದ್ದರೆ ಅದನ್ನಷ್ಟೇ ಹಗುರವಾಗಿ ಬಳಸಿ. ಘಾಟಿಯ ಇಳಿಜಾರನ್ನು ಆರಂಭದಿಂದಲೇ ಕೆಳಗಿನ ಗೇರಿನಲ್ಲಿ ಇಳಿಯಿರಿ.