ಊರು ಪಾಲಿಕೆಗೆ ಸೇರಿದರೆ ಲೈಬ್ರರಿ ಯಾರದ್ದು?

ಪ್ರಶ್ನೆ: ನಮಸ್ಕಾರ ಸಾರ್. ನಮ್ಮದು ತುಮಕೂರಿಗೆ ಅಂಟಿಕೊಂಡಿರೋ ಹಳ್ಳಿ, ಇನ್ನೂ ಗ್ರಾಮ ಪಂಚಾಯಿತಿ. ಪಾಲಿಕೆಗೆ ಸೇರಿಸ್ತಾರೆ ಅಂತ ಸುದ್ದಿ. ಆಮೇಲೆ ನಮ್ಮ ಪಂಚಾಯಿತಿ ಲೈಬ್ರರಿ ಗತಿ ಏನು? ಲೈಬ್ರರಿಗೆ ಅಂತ ಬೇರೆ ಗಡಿ ಇರುತ್ತಾ, ಅದನ್ನು ಯಾರು ಹಾಕೋದು?

ಉತ್ತರ (ನಿವೃತ್ತ ಗ್ರಂಥಪಾಲಕ): ಬೇರೆ ಗಡಿ ಇಲ್ಲಪ್ಪ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಲ್ಲಿ ದೊಡ್ಡ ನಗರಕ್ಕೆ ನಗರ ಗ್ರಂಥಾಲಯ ಪ್ರಾಧಿಕಾರ, ಅದನ್ನು ಬಿಟ್ಟು ಉಳಿದ ಜಿಲ್ಲೆಗೆ ಜಿಲ್ಲಾ ಗ್ರಂಥಾಲಯ ಪ್ರಾಧಿಕಾರ. ಜಿಲ್ಲೆಯ ಗಡಿ ಬದಲಾಗೋದು 1964ರ ಭೂಕಂದಾಯ ಕಾಯ್ದೆಯಲ್ಲಿ, ಪಾಲಿಕೆಯದ್ದು 1976ರ ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲಿ. ಲೈಬ್ರರಿ ಅವುಗಳ ಬಾಲ ಹಿಡಿದು ಹೋಗುತ್ತೆ ಅಷ್ಟೆ.

ಹಾಗಾಗಿ ತಕರಾರು ಇದ್ದರೆ ಗ್ರಂಥಾಲಯ ಇಲಾಖೆ ಮೆಟ್ಟಿಲು ಹತ್ತಿ ಪ್ರಯೋಜನವಿಲ್ಲ. ಪಾಲಿಕೆ ಗಡಿ ವಿಸ್ತರಣೆಯ ಕರಡು ಅಧಿಸೂಚನೆ ರಾಜ್ಯಪತ್ರದಲ್ಲಿ ಬರುತ್ತೆ, ಅದರಲ್ಲೇ ಆಕ್ಷೇಪಣೆಗೆ ಗಡುವು ಇರುತ್ತೆ. ಅಷ್ಟರೊಳಗೆ ಬರೆದು ಕೊಡಿ. ನಿಮ್ಮದು ಈಗ ಪಂಚಾಯತ್ ರಾಜ್ ಇಲಾಖೆಯ ಕೈಲಿದೆ, 2019ರಲ್ಲಿ ಗ್ರಾಮ ಪಂಚಾಯಿತಿ ಲೈಬ್ರರಿಗಳನ್ನೆಲ್ಲ ಅವರಿಗೆ ವಹಿಸಿದರು. ಕಟ್ಟಡ, ಪುಸ್ತಕ, ಮೇಲ್ವಿಚಾರಕರು ಯಾರ ಪಾಲಿಗೆ ಅಂತ ಅರ್ಜಿಯಲ್ಲೇ ಕೇಳಿ. ಬಾಯಿಮಾತಿಗೆ ಬಿಟ್ಟರೆ ಎರಡೂ ಕಡೆಯವರು ನಮ್ಮದಲ್ಲ ಅಂತಾರೆ.

ಚಿಂತಾಮಣಿಯಿಂದ ಒಬ್ಬರು: ನಮ್ಮಲ್ಲಿ ಇದನ್ನು ಕಣ್ಣಾರೆ ಕಂಡಿದ್ದೀವಿ. 2007ರಲ್ಲಿ ಕೋಲಾರದಿಂದ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಯ್ತು. ಮೊನ್ನೆ ತಂದ ಹಳೇ ಕಾದಂಬರಿ ಮೊದಲ ಪುಟದಲ್ಲಿ ನೇರಳೆ ಮಸಿಯ ಮೊಹರು, ಈಗಲೂ ‘ಕೋಲಾರ ಜಿಲ್ಲೆ’! ಅಂದಹಾಗೆ ಮಂಚೇನಹಳ್ಳಿ ಹೊಸ ತಾಲ್ಲೂಕು ಆಯ್ತಲ್ಲ, ಅಲ್ಲೂ ಗಡಿ ಬದಲಾಯ್ತಾ?

ಉತ್ತರ: ಇಲ್ಲ ಮೇಡಂ. ಗೌರಿಬಿದನೂರಿಂದ ಬೇರೆಯಾದರೂ ಜಿಲ್ಲೆ ಅದೇ, ಪ್ರಾಧಿಕಾರವೂ ಅದೇ. ಮೊಹರಿನ ವಿಷಯಕ್ಕೆ ನಗು ಬಂತು, ಪುಸ್ತಕಕ್ಕೆ ಯಾರು ಗೆಜೆಟ್ ಓದಿ ಹೇಳ್ತಾರೆ!

ಮೊದಲು ಕೇಳಿದವರು: ಸಾರ್, ಪಂಚಾಯಿತಿ ರಸೀದಿ ತೆಗೆದು ನೋಡಿದೆ. ‘ಗ್ರಂಥಾಲಯ ಕರ’ ಅಂತ ಒಂದು ಸಾಲಿದೆ. ಪಾಲಿಕೆಗೆ ಸೇರಿದರೆ ಇದು ಏರುತ್ತಾ?

ಉತ್ತರ: ದರ ಏರಲ್ಲ. ಎರಡೂ ಕಡೆ ಆಸ್ತಿ ತೆರಿಗೆಯ ರೂಪಾಯಿಗೆ 6 ಪೈಸೆ. 2,000 ತೆರಿಗೆಗೆ 120. ಆದರೆ ಪಾಲಿಕೆಯಲ್ಲಿ ಮೂಲ ತೆರಿಗೆಯೇ ಜಾಸ್ತಿ ಬಂದರೆ ಇದೂ ಅದರ ಹಿಂದೆ ಏರುತ್ತೆ. ಆಮೇಲೆ ಆ ಹಣ ಹೋಗಬೇಕಾದ್ದು ನಗರ ಗ್ರಂಥಾಲಯದ ನಿಧಿಗೆ, ಊರಿನ ಲೈಬ್ರರಿಗಲ್ಲ. ನಿಮ್ಮೂರಲ್ಲಿ ಶಾಖೆ ಉಳಿಸಿ ಅಂತ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ. ಕೊಟ್ಟ ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳೋದು ಮರೀಬೇಡಿ.